ಗಾಜಿನೊಳಗ ನನ್ನ ತಂಗಿ

12-11-2006, ಭಾನುವಾರ, ರಾಯದುರ್ಗ

ಸಿಟ್ಟಿಗೆ ನಿದ್ದಿ ಬರವಲ್ದು. ಗಂಡಿನ ಕಡೆಯವರಿಗೆ ಕಳಿಸಾಕ ತೆಗೆಸಿದ್ದ ತಂಗಿ ಗಂಗೋತ್ರಿ ಫೋಟೋನ ಸ್ಟುಡಿಯೋದವನು ನಮ್ಮನ್ನ ಕೇಳದೇ ದೊಡ್ಡದು ಮಾಡಿ, ಬೀದಿಗೆ ಕಾಣೋ ಹಂಗ ಗಾಜಿನೊಳಗ ಇಟ್ಟಾನ. ಜೀನ್ಸ್ ಹೊಲಿಯೋ ಯೂನಿಟ್ಟಿನ ಹುಡುಗರು ಆಡ್ಕೊಂಡು ನಗ್ತಾರಂತ ಆಕಿ ಕೆಲಸಕ್ಕ ಹೋಗೂದೇ ಬಿಟ್ಟಾಳ.

ಇವತ್ತು ಸ್ಟುಡಿಯೋಕ್ಕ ಹೋಗಿ "ತೆಗೀರಿ" ಅಂದೆ.

"ಚಂದ ಬಂದೈತಲ್ರೀ ಅಕ್ಕಾ, ನಮಗೂ ಗಿರಾಕಿ ಬರ್ತಾರ" ಅಂತ ನಕ್ಕ.

ನಾನೇ ಗಾಜು ಸರಿಸಿ ಕಿತ್ಕೊಂಡು ಬಂದೆ. ನೆಗೆಟಿವ್ ಮಾತ್ರ ಕೊಡಲಿಲ್ಲ, ಬಾಡ್ಯಾ.

ಡಿಜಿಟಲ್ ಕ್ಯಾಮೆರಾ ತಗೊಳ್ಳೋಣ, ಮನ್ಯಾಗ ತೆಗಿಯೋಣ ಅಂತ ಹೋದ ವರ್ಷದಿಂದ ಬಡ್ಕೊಳ್ಳಾಕತ್ತೀನಿ. ನನ್ನ ಗಂಡ ಇವತ್ತೂ, "ಯುಗಾದಿಗೆ ರೇಟು ಇಳೀತೈತಿ, ತಡಿ" ಅಂದ್ರು. ರೇಟು ಇಳಿಯೋತನಕ ಹುಡುಗಿ ಮಾನ ಹರಾಜಾಗ್ಲೇನು?

"ನಾಳೇನ ಬಳ್ಳಾರಿಗೆ ಹೋಗಿ ತರ್ತೀನಿ" ಅಂದೆ.

ಗಂಗೋತ್ರಿ ತಲಿ ಎತ್ತಲಿಲ್ಲ. "ತಗೊಂಡು ಬಾ ಅಕ್ಕಾ. ನನ್ನ ಫೋಟೋ ಮಾತ್ರ ತೆಗೀಬ್ಯಾಡ" ಅಂದ್ಲು.