ಅಣ್ಣನನ್ನು ಹೊರಗೆ ಕೂರಿಸಿ ಕೇಳಿ

ಭೂದಾಖಲೆ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಹೆಣ್ಣುಮಕ್ಕಳ ಒಪ್ಪಿಗೆ ಕೇಳುವ ಶಾಸ್ತ್ರವನ್ನು ನಿಮ್ಮ ಕಚೇರಿ ಎಂದೂ ತಪ್ಪಿಸಿಲ್ಲ. ಅದಕ್ಕೆ ಮೊದಲು ಅಭಿನಂದನೆ. ನನ್ನ ತಕರಾರು ಇಷ್ಟೇ: ಆ ಪ್ರಶ್ನೆಯನ್ನು ನೀವು ಅವರ ಅಣ್ಣತಮ್ಮಂದಿರ ಎದುರಿಗೇ ಕೇಳುತ್ತೀರಿ. ಮೇಜಿನ ಆಚೆ ನೀವು, ಈಚೆ ಕುರ್ಚಿಯ ತುದಿಯಲ್ಲಿ ಅವಳು, ಬೆನ್ನ ಹಿಂದೆ ಒಡಹುಟ್ಟಿದವರು. ಅಪ್ಪನ ಜಮೀನಿನಲ್ಲಿ ನಿಮ್ಮ ಪಾಲು ಬಿಟ್ಟುಕೊಡಲು ಒಪ್ಪಿಗೆ ಇದೆಯೇ ಎನ್ನುತ್ತೀರಿ. ಅವಳು ತಲೆ ತಗ್ಗಿಸುತ್ತಾಳೆ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಮೊಹರು ಒತ್ತುತ್ತೀರಿ. ನಿಮ್ಮ ಮುಂದೆಯೇ ನಿಮ್ಮ ಜವಾನನನ್ನು ನಿಲ್ಲಿಸಿ, 'ಸಾಹೇಬರು ಹೇಗಪ್ಪಾ?' ಎಂದು ನಾನು ಕೇಳಿದರೆ ಅವನು ಏನು ಹೇಳಿಯಾನು? ಇದೂ ಅದೇ ತೂಕದ ಉತ್ತರ.

ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಹೊಲದಿಂದ ಹೊಲಕ್ಕೆ ಅಲೆಯುವುದೇ ನನ್ನ ಕಸುಬು. ಮೋಟಾರು ಕೆಟ್ಟಿತೆಂದು ಫೋನ್ ಮಾಡುವವರು, ಬಾವಿಯ ಬಾಯಲ್ಲಿ ಬಗ್ಗಿ ಹಗ್ಗ ಹಿಡಿಯುವವರು ಬಹುಪಾಲು ಹೆಂಗಸರೇ. ಹೊಸ ಮೋಟಾರು ಹಾಕೋಣವೇ ಎಂದು ಕೇಳಿದರೆ ಮಾತ್ರ, ಯಜಮಾನರು ಬರಲಿ, ಇದರಲ್ಲಿ ನನ್ನದೇನಿದೆ ಎನ್ನುತ್ತಾರೆ. ಹಾಗೆನ್ನುವಾಗಲೂ ಕಾಲು ಮೊಣಕಾಲವರೆಗೆ ಕೆಸರಿನಲ್ಲೇ ಇರುತ್ತದೆ.

ನನ್ನ ಅಮ್ಮನೂ ತವರಿನ ಜಮೀನಿನ ವಿಚಾರಕ್ಕೆ, ನಿಮಗಿಂತ ಹಿಂದಿದ್ದ ಅಧಿಕಾರಿಯೊಬ್ಬರ ಮುಂದೆ ಹೀಗೆಯೇ ಕುಳಿತವಳು. ಅವರು ಒಳ್ಳೆಯವರೇ, ನೀರು ತರಿಸಿಕೊಟ್ಟು, ಮೆತ್ತಗೆ ಕೇಳಿದರಂತೆ. ಅಮ್ಮ ಹಿಂದೆ ತಿರುಗಿ ತನ್ನ ಅಣ್ಣನ, ಅಂದರೆ ನನ್ನ ಸೋದರಮಾವನ, ಮುಖ ನೋಡಿದಳು. ಮಾವ ನಕ್ಕ. ಅಮ್ಮ ಸಹಿ ಹಾಕಿದಳು. ಮುಂದೆ ಅಪ್ಪ ಹಾಸಿಗೆ ಹಿಡಿದಾಗ, ನಮ್ಮ ತುಂಡು ನೆಲ ನಮ್ಮ ಹೊಟ್ಟೆಗೆ ಸಾಲದಾದಾಗ, ಅಮ್ಮ ಕೂಲಿಗೆ ಹೋದಳು. ಎಲ್ಲಿಗೆ ಗೊತ್ತೇ? ತಾನು ಬಿಟ್ಟುಕೊಟ್ಟ ಹೊಲಕ್ಕೇ. ಮಾವ ಕೆಟ್ಟವನಲ್ಲ, ಸ್ವಾಮಿ. ಕೆಟ್ಟವನಾಗಿದ್ದರೆ ಬೈದು ಹಗುರವಾಗಬಹುದಿತ್ತು. ಬಿಸಿಲು ಏರಿದರೆ ತಂಗಿಯನ್ನು ನೆರಳಿಗೆ ಕರೆಯುತ್ತಿದ್ದ, ಸಂಜೆ ಗಾಡಿಯಲ್ಲಿ ಮನೆಗೆ ಬಿಡುತ್ತಿದ್ದ, 'ನನ್ನ ತಂಗಿ ಒಂದು ಮಾತೂ ಆಡದೆ ಬಿಟ್ಟುಕೊಟ್ಟಳು' ಎಂದು ಊರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಅವನು ಅದನ್ನು ಇಂದಿಗೂ ನಂಬಿದ್ದಾನೆ.

ಆಸ್ಪತ್ರೆಯ ಮಂಚದ ಮೇಲೆ, ಕೊನೆಯ ವಾರದಲ್ಲಿ, ಅಮ್ಮ ನನ್ನ ಕೈ ಹಿಡಿದುಕೊಂಡು ಅಂದಳು: "ಅವತ್ತು ಅಣ್ಣನ್ನ ಒಂದ್ ಗಳಿಗೆ ಆಚೆ ಕಳಿಸಿ ಕೇಳಿದ್ರೆ, ನಂಗೂ ಬೇಕು ಅಂತಿದ್ದೆ ಕಣೋ. ಅವನ ಮುಖ ನೋಡ್ಕೊಂಡು ಹೇಗ್ ಹೇಳ್ಲಿ?" ಒಂದು ಜೀವಮಾನ ನುಂಗಿಕೊಂಡಿದ್ದ ಮಾತು ಅದು. ನಾನು ಅಲ್ಲೇ ಅತ್ತೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮನ ಹಿಂದೆಯೇ ಅಪ್ಪನೂ ಹೋದ. ಅವನ ಆ ತುಂಡು ನೆಲದ ವಿಚಾರಣೆಗೆ ಬರುವ ಗುರುವಾರ ನಿಮ್ಮ ಕೊಠಡಿಗೆ ಮೂವರು ಬರುತ್ತೇವೆ: ನನ್ನ ಅಣ್ಣ, ನಾನು, ನಮ್ಮ ತಂಗಿ. ತಂಗಿ ತರಕಾರಿ ಸಸಿ ಬೆಳೆಸಿ ಮಾರುತ್ತಾಳೆ, ಬಾಡಿಗೆ ಜಾಗದಲ್ಲಿ. ಮಣ್ಣು ಹದಕ್ಕೆ ಬಂದ ಕೂಡಲೇ ಜಾಗದವರಿಗೆ ತಮ್ಮ ಜಾಗ ನೆನಪಾಗುತ್ತದೆ. ಆಗ ಸಸಿಯ ಟ್ರೇಗಳನ್ನು ತಲೆಯ ಮೇಲೆ ಹೊತ್ತು ಇನ್ನೊಬ್ಬರ ಹಿತ್ತಲು ಹುಡುಕುತ್ತಾಳೆ. ಅವಳಿಗೆ ನೆಲ ಬೇಕೇ ಎಂದು ಕೇಳಬೇಕೇ? ಆದರೂ ಕೇಳಿದೆ. ನಿನ್ನ ಪಾಲು ತೆಗೆದುಕೋ ಎಂದೆ. ನಕ್ಕಳು. "ಬೇಡ ಬಿಡಣ್ಣ. ನಾಳೆ ನಿಮ್ಮನೆಗೆ ಬಂದ್ರೆ ಅತ್ತಿಗೆ ಬಾ ಅನ್ಬೇಕಲ್ಲ." ಅಣ್ಣನ ಕಿವಿಗೆ ಇದು ಬಿದ್ದದ್ದೇ ತಡ, ನಮ್ಮ ತಂಗಿ ಅಪ್ಪಟ ಚಿನ್ನ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಬಾಯಿ ಮುಚ್ಚಿಕೊಂಡಿರುವವರೆಗೆ ಹೆಣ್ಣುಮಕ್ಕಳೆಲ್ಲ ಚಿನ್ನವೇ.

ನೀನೇ ಕೊಟ್ಟುಬಿಡು, ನಮಗೇಕೆ ಪತ್ರ ಎನ್ನುತ್ತೀರಾ? ನಾನು ಕೊಟ್ಟರೆ ಅದು ನನ್ನ ದೊಡ್ಡತನವಾಗುತ್ತದೆ, ಅವಳ ಹಕ್ಕಾಗುವುದಿಲ್ಲ. ಇನ್ನೂ ಒಂದು ಮಾತು, ಬರೆಯಲು ನಾಚಿಕೆಯಾಗುತ್ತದೆ. ಅವಳು ಬೇಡ ಎಂದಾಗ ನನಗೆ ಒಳಗೊಳಗೇ ಹಿತವಾಯಿತು. ಅಮ್ಮನ ಮಾತು ಕಿವಿಯಾರೆ ಕೇಳಿದವನಿಗೇ ಹೀಗಾದರೆ, ಕೇಳದವರ ಗತಿಯೇನು?

ಆದ್ದರಿಂದ ನನ್ನ ಬೇಡಿಕೆ. ಯಾವ ಹೆಣ್ಣುಮಗಳೇ ಬರಲಿ, ಅವಳೊಬ್ಬಳನ್ನೇ ಒಳಗೆ ಕರೆದು, ಬಾಗಿಲು ಹಾಕಿ ಕೇಳಿ. ಬಿಟ್ಟುಕೊಟ್ಟರೆ ಏನು ಹೋಗುತ್ತದೆ, ಇಟ್ಟುಕೊಂಡರೆ ಏನು ಉಳಿಯುತ್ತದೆ ಎಂದು ಬಿಡಿಸಿ ಹೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಗುರುವಾರ ಇದನ್ನು ನಮ್ಮಿಂದಲೇ ಶುರು ಮಾಡಿ. ನಮ್ಮಣ್ಣ ರೇಗಾಡಬಹುದು, 'ನಾನೂ ಒಳಗೆ ಬರುತ್ತೇನೆ' ಎನ್ನಬಹುದು, ಒಪ್ಪಬೇಡಿ. ನನ್ನನ್ನೂ ಹೊರಗೇ ಕೂರಿಸಿ. ತಂಗಿ ಬೇಕು ಎಂದರೆ ನನ್ನ ಮುಖ ಒಂದು ಕ್ಷಣ ಸಪ್ಪಗಾದೀತು. ಅದನ್ನು ನೋಡಿದರೆ ಅವಳು ಮಾತು ಹಿಂತೆಗೆದುಕೊಳ್ಳುತ್ತಾಳೆ, ಅವಳು ಅಂಥವಳು. ದಯವಿಟ್ಟು ಮೊದಲು ಅವಳು ಹೇಳಿದ್ದನ್ನು ಬರೆದುಕೊಂಡು ಅವಳಿಂದ ಸಹಿ ಹಾಕಿಸಿ, ಆಮೇಲೆ ಬಾಗಿಲು ತೆಗೆಯಿರಿ.

ಇಂತಿ,
ತಂಗಿಯ ಮೇಲೆ ನಂಬಿಕೆಯಿದ್ದು, ತನ್ನ ಮುಖದ ಮೇಲೆ ಇಲ್ಲದ
ಒಬ್ಬ ಅಣ್ಣ