‘ವೆ-ದೆ’ ಎಂಬ ಎರಡಕ್ಷರ ಮತ್ತು ಮಲಕಪ್ಪನವರ ಎಡಗಣ್ಣು

ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಾರ್ಯಾಗಾರದ ಮೆಕ್ಯಾನಿಕ್ ಮಲಕಪ್ಪನವರ ಎಡಗಣ್ಣು ಹೋದದ್ದು ‘ನೌಕರನ ಅಜಾಗರೂಕತೆಯಿಂದ’ ಎಂದು ನಿಮ್ಮ ವಿಚಾರಣಾ ವರದಿ ಹೇಳುತ್ತದೆ. ಅದು ಸುಳ್ಳು. ಕಣ್ಣು ಹೋದದ್ದು ನಾನು ತಪ್ಪಾಗಿ ಇಂಗ್ಲಿಷಿಗೆ ತಂದ ಎರಡು ರಷ್ಯನ್ ಅಕ್ಷರಗಳಿಂದ. ಇದು ಆರು ತಿಂಗಳಿಂದ ನಿಮಗೆ ಗೊತ್ತು, ನನಗೂ ಗೊತ್ತು. ವರದಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹೆದರಬೇಡಿ. ಗಾಡಿಯ ಹೆಸರಾಗಲಿ ಪುಸ್ತಕದ ಸಂಖ್ಯೆಯಾಗಲಿ ಇಲ್ಲಿ ಬರೆಯುವುದಿಲ್ಲ. ಗೋಪ್ಯತೆಯ ಕಾಗದಕ್ಕೆ ನಾನೂ ಸಹಿ ಹಾಕಿದವಳೇ. ಆದರೆ ಒಬ್ಬ ಮನುಷ್ಯನ ಕಣ್ಣು ಯಾವ ಕಾನೂನಿನ ಪ್ರಕಾರ ಗೋಪ್ಯ ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾದೀತು.

ಓದುವ ಇತರರಿಗಾಗಿ ನನ್ನ ಕೆಲಸವೇನೆಂದು ಹೇಳುತ್ತೇನೆ. ಪುಣೆಯಲ್ಲೇ ರಷ್ಯನ್ ಕಲಿತು, ಹನ್ನೊಂದು ವರ್ಷಗಳಿಂದ ಸೇನೆಯ ಗಾಡಿಗಳ ರಿಪೇರಿ ಪುಸ್ತಕಗಳನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಆ ಪುಸ್ತಕ ಬರೆದ ರಷ್ಯನ್ನರಿಗೆ ಪೂರ್ತಿ ಪದವೆಂದರೆ ಅದೇನು ಬೇಸರವೋ, ಎಲ್ಲವನ್ನೂ ಎರಡಕ್ಷರ, ಮೂರಕ್ಷರಕ್ಕೆ ಕತ್ತರಿಸಿಟ್ಟಿರುತ್ತಾರೆ. ಒಂದೇ ಜೋಡಿ ಅಕ್ಷರಕ್ಕೆ ಒಂದು ಪುಟದಲ್ಲಿ ಒಂದರ್ಥ, ಇನ್ನೊಂದು ಪುಟದಲ್ಲಿ ಇನ್ನೊಂದರ್ಥ. ‘ವೆ-ದೆ’ ಎಂಬುದು ಅಂಥದ್ದು. ಅದು ‘ಹೆಚ್ಚಿನ ಒತ್ತಡ’ ಆಗಬಹುದು. ದೊಡ್ಡ ಎಂಜಿನ್ನಿನ ಪಕ್ಕದಲ್ಲಿರುವ ಸಣ್ಣ ‘ಸಹಾಯಕ ಎಂಜಿನ್’ ಕೂಡ ಆಗಬಹುದು.

ಎರಡು ವರ್ಷದ ಹಿಂದೆ ನನ್ನ ಮೇಜಿಗೆ ಬಂದ ಪುಸ್ತಕದಲ್ಲಿ ಒಂದು ಎಚ್ಚರಿಕೆಯಿತ್ತು: ‘ವೆ-ದೆ ಸಿಲಿಂಡರಿನ ಗಾಳಿ ಪೂರ್ತಿ ಬಿಡದೆ ಪೈಪಿನ ಮುಚ್ಚಳ ಬಿಚ್ಚಬಾರದು.’ ಸುತ್ತಲಿನ ಪುಟಗಳೆಲ್ಲ ಸಹಾಯಕ ಎಂಜಿನ್ನಿನ ಬಗ್ಗೆ ಇದ್ದುದರಿಂದ ನಾನು ‘ಸಹಾಯಕ ಎಂಜಿನ್ನಿನ ಸಿಲಿಂಡರ್’ ಎಂದು ಬರೆದೆ. ಮನಸ್ಸು ಒಪ್ಪಲಿಲ್ಲ. ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ನಿಮ್ಮ ಕೋಣೆಗೆ ಬಂದೆ. ನೀವು ಮೈಸೂರಿನ ಕಡೆಯವರು, ಕನ್ನಡದಲ್ಲೇ ಹೇಳಿದಿರಿ.

“ಮೇಡಂ, ಡೌಟ್ ಇರೋ ಪುಸ್ತಕ ಮೇಲಕ್ಕೆ ಕಳಿಸೋಕಾಗಲ್ಲ. ನಿಮಗೆ ರಷ್ಯನ್ ಬರುತ್ತೆ ಅಂತ ತಾನೇ ಇಟ್ಕೊಂಡಿರೋದು? ಶುಕ್ರವಾರ ಕ್ಲೀನ್ ಕಾಪಿ ಕೊಡಿ.”

ನಾನು ಕೊಟ್ಟೆ. ಆ ಚಿಹ್ನೆಯನ್ನು ಅಳಿಸಿದ್ದು ನೀವಲ್ಲ, ನಾನು. ರಿಪೇರಿ ಶೆಡ್ಡು ನನ್ನ ಕಿಟಕಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಅಲ್ಲಿ ಇಪ್ಪತ್ತು ವರ್ಷ ಕೈ ಮಸಿ ಮಾಡಿಕೊಂಡವರಿದ್ದರು. ಎದ್ದುಹೋಗಿ ಕೇಳಬಹುದಿತ್ತು. ಆದರೆ ರಷ್ಯನ್ ಬಲ್ಲ ನಾನು ಗ್ರೀಸ್ ಹಚ್ಚುವವರನ್ನು ರಷ್ಯನ್ ಅರ್ಥ ಕೇಳುವುದೇ? ನಿಜ ಹೇಳಬೇಕೆಂದರೆ ಅಂದು ನನ್ನನ್ನು ತಡೆದದ್ದು ನಿಮ್ಮ ಶುಕ್ರವಾರವಲ್ಲ, ಈ ಜಂಬ.

ಕಳೆದ ವರ್ಷ ಆ ಮಾದರಿಯ ಮೊದಲ ಗಾಡಿ ಶೆಡ್ಡಿಗೆ ಬಂತು. ಮಲಕಪ್ಪನವರು ಇಂಡಿ ತಾಲ್ಲೂಕಿನವರು, ಈಗ ಪುಣೆಯ ಕಾತ್ರಜದಲ್ಲಿ ಮನೆ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಇಂಗ್ಲಿಷ್ ಓದುತ್ತಾರೆ. ಆ ಎಚ್ಚರಿಕೆಯನ್ನೂ ಹಾಗೇ ಓದಿದರು. ಸಹಾಯಕ ಎಂಜಿನ್ನನ್ನು ಹಿಂದಿನ ವಾರವೇ ಬಿಚ್ಚಿ ಬೇರೆಡೆಗೆ ಕಳಿಸಿದ್ದರು. ಎಂಜಿನ್ನೇ ಇಲ್ಲದ ಮೇಲೆ ಅದರ ಸಿಲಿಂಡರ್ ಎಲ್ಲಿಂದ ಬರಬೇಕು? ಈ ಮಾತು ಈ ಗಾಡಿಗೆ ಅನ್ವಯಿಸುವುದಿಲ್ಲ ಎಂದುಕೊಂಡು ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿದರು. ಒಳಗೆ ಮುಖ್ಯ ಎಂಜಿನ್ ಚಾಲೂ ಮಾಡುವ ಗಾಳಿ, ಭಾರೀ ಒತ್ತಡದಲ್ಲಿ, ತುಂಬಿಕೊಂಡೇ ಇತ್ತು. ಮುಚ್ಚಳ ಗುಂಡಿನಂತೆ ಹಾರಿ ಕಣ್ಣಿಗೆ ಬಡಿಯಿತು. ಪುಸ್ತಕ ಓದದೆ ಕೆಲಸ ಮಾಡಿದ್ದರೆ ಅಜಾಗರೂಕತೆ ಎನ್ನಬಹುದಿತ್ತು. ಅವರು ಓದಿ ಮಾಡಿದರು.

ವಿಚಾರಣೆಯ ದಿನ ನಿಮ್ಮ ಸಮಿತಿ ನನಗೆ ಒಂದೇ ಪ್ರಶ್ನೆ ಕೇಳಿತು: “ಭಾಷಾಂತರದಲ್ಲಿ ಏನಾದರೂ ಸಂದೇಹವಿತ್ತೇ?” ನೀವು ಮೇಜಿನ ಆಚೆಗೆ ಕುಳಿತು ನಿಮ್ಮ ಪೆನ್ನನ್ನೇ ನೋಡುತ್ತಿದ್ದಿರಿ. ನಾನು “ಇರಲಿಲ್ಲ” ಎಂದೆ. ಅಷ್ಟೇ. ಹೊರಗೆ ಬಂದಾಗ ಬೆಂಚಿನ ಮೇಲೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮಲಕಪ್ಪನವರು ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಅಕ್ಕಾರ, ನಿಮಗೂ ತ್ರಾಸ ಆತ್ರಿ ನನ್ನಿಂದ,” ಎಂದರು.

ನಾನು ತಲೆಯಾಡಿಸಿ ನಡೆದುಬಿಟ್ಟೆ.

ಆರು ತಿಂಗಳ ಹಿಂದೆ ಅದೇ ಪುಸ್ತಕದ ಎರಡನೆಯ ಭಾಗ ಬಂತು. ಕೊನೆಯಲ್ಲಿ ಸಂಕ್ಷೇಪಗಳ ಪಟ್ಟಿಯಿತ್ತು. ‘ವೆ-ದೆ: ಹೆಚ್ಚಿನ ಒತ್ತಡ.’ ನನ್ನ ಪಕ್ಕದ ಟೈಪಿಸ್ಟ್ ಸ್ನೇಹಲ್ “ಕಾಯ್ ಝಾಲಂ ತಾಯಿ?” ಎಂದು, ಏನಾಯಿತಕ್ಕಾ ಎಂದು ಮರಾಠಿಯಲ್ಲಿ ಕೇಳುತ್ತ, ನೀರು ತಂದುಕೊಟ್ಟಳು. ಪಟ್ಟಿ ಹಿಡಿದು ನಿಮ್ಮ ಬಳಿಗೆ ಬಂದೆ. ನೀವು ಅದನ್ನು ಎರಡು ಸಲ ಓದಿ ಹೇಳಿದಿರಿ: “ಮುಂದಿನ ಪ್ರಿಂಟ್‌ನಲ್ಲಿ ಸರಿ ಮಾಡೋಣ. ಹಳೇದನ್ನ ಕೆದಕಬೇಡಿ. ನಿಮಗೂ ಒಳ್ಳೇದಲ್ಲ.” ಎಂಥ ದಕ್ಷತೆ! ಪುಸ್ತಕ ಮೂರೇ ವಾರದಲ್ಲಿ ತಿದ್ದುಪಡಿಯಾಗಿ ಬಂತು. ಕಾಗದಕ್ಕೆ ಸಿಕ್ಕ ನ್ಯಾಯ ಮನುಷ್ಯನಿಗೆ ಸಿಗಲಿಲ್ಲ. ಮಲಕಪ್ಪನವರನ್ನು ಗೇಟಿನ ಬಳಿ ಬಂದುಹೋಗುವವರ ಹೆಸರು ಬರೆಯಲು ಕೂರಿಸಿದಿರಿ. ‘ಅಜಾಗರೂಕ’ ಎಂಬ ಮಾತು ಅವರ ಸೇವಾ ದಾಖಲೆಯಲ್ಲಿ ಹಾಗೇ ಉಳಿಯಿತು.

ಹಿಂದಿನ ಭಾನುವಾರ ನಿಗಡಿಯಿಂದ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರ ಹೆಂಡತಿ ಪಾರವ್ವ ತಂದಿಟ್ಟ ಚಹಾ ಆರುತ್ತಿತ್ತು. ಮಲಕಪ್ಪನವರು ಆ ಎರಡು ರಷ್ಯನ್ ಅಕ್ಷರಗಳನ್ನು ಬರೆದು ತೋರಿಸಲು ಹೇಳಿದರು. ಬರೆದೆ. ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದರು.

“ಇವೇನ್ರಿ? ಹಳೇ ಗಾಡಿ ಸಿಲಿಂಡರ್ ಮ್ಯಾಲೆಲ್ಲಾ ಇವು ಅಚ್ಚ್ ಹೊಡದಿರ್ತಾವ. ಓದಾಕ ಬರೂದಿಲ್ಲ ಖರೆ, ಗುರ್ತ ಅದ. ಇವು ಕಂಡ್ರ ನಾವು ಗಾಳಿ ಬಿಡದ ಕೈ ಹಚ್ಚಂಗಿಲ್ಲ. ಈ ಗಾಡಿಗೆ ಅಚ್ಚಿನ ಮ್ಯಾಲ ಬಣ್ಣ ಬಳದಿದ್ರು, ಕಾಣಲಿಲ್ಲ. ನೀವು ಪುಸ್ತಕದಾಗ ಇವನ್ನ ಹಂಗ ಬಿಟ್ಟಿದ್ರೂ ಸಾಕಾಗಿತ್ತಲ್ರಿ, ಅಕ್ಕಾರ. ಇಲ್ಲಾ ನನ್ನ ಕೇಳಿದ್ರ ಹೇಳತಿದ್ನಿ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪಾರವ್ವ ಅಡ್ಡ ಬಂದರು.

“ನಮ್ಮ ಮುಂದ ಅತ್ತರ ಏನ್ ಬಂತ್ರಿ? ಅಲ್ಲಿ ಬರದದ್ದ ತಪ್ಪು, ಅಲ್ಲೇ ಬರದ ತಿದ್ರಿ. ಊರಾಗಿನ ಮಂದಿ ಇವರ್ನ ಕುಡದು ಕೆಲಸ ಮಾಡಿದ್ಯೇನ ಅಂತ ಕೇಳ್ತಾರ.”

ಅದಕ್ಕೇ ಈ ಪತ್ರ ಪತ್ರಿಕೆಯಲ್ಲಿ ಬರುತ್ತಿದೆ, ಕನ್ನಡದಲ್ಲಿ ಬರುತ್ತಿದೆ. ಪಾರವ್ವನಿಗೂ ಅವರ ಊರಿನವರಿಗೂ ಓದಲು ಬರುವುದು ಇದೊಂದೇ ಭಾಷೆ. ನಿಮಗೂ ಅನುವಾದದ ಅಗತ್ಯ ಬೀಳದು.

ವಿಚಾರಣೆಯನ್ನು ಮತ್ತೆ ತೆರೆಯಿರಿ. ಸಮಿತಿಯ ಮುಂದೆ ಸುಳ್ಳು ಹೇಳಿದೆನೆಂದು ನಾನೇ ಬಂದು ಹೇಳುತ್ತೇನೆ. ನೀವು ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಇನ್ನು ಮುಂದೆ ಪ್ರತಿ ಪುಸ್ತಕದಲ್ಲೂ ಇಂಗ್ಲಿಷಿನ ಪಕ್ಕದಲ್ಲಿ ಮೂಲದ ಅಕ್ಷರಗಳು ಹಾಗೇ ಇರಲಿ, ಅಚ್ಚಿಗೆ ಹೋಗುವ ಮೊದಲು ಅದು ಶೆಡ್ಡಿನವರ ಕೈಗೆ ಹೋಗಲಿ. ಮತ್ತು ಮಲಕಪ್ಪನವರ ಸೇವಾ ದಾಖಲೆಯಿಂದ ‘ಅಜಾಗರೂಕತೆ’ಯನ್ನು ತೆಗೆಯಿರಿ. ತೆಗೆದ ಜಾಗ ಖಾಲಿ ಉಳಿಯುವುದು ಕಚೇರಿಯ ನಿಯಮಕ್ಕೆ ಸರಿಹೋಗದಿದ್ದರೆ ಅಲ್ಲಿ ನನ್ನ ಹೆಸರು ಬರೆಯಿರಿ. ಪೂರ್ತಿ ಬರೆಯಿರಿ, ಸಂಕ್ಷೇಪಿಸಬೇಡಿ.

ಇಂತಿ,
ಹನ್ನೊಂದು ವರ್ಷ ಭಾಷೆ ಬಲ್ಲೆನೆಂದು ತಿಳಿದಿದ್ದ
ಶೈಲಶ್ರೀ ಗೂಳಪ್ಪ ಹಂಜಗಿ
ನಿಗಡಿ, ಪುಣೆ