ಅಪ್ಪನ ಡಬ್ಬಿ, ನಿನ್ನ ಹೆಸರು

ನಮ್ಮನೆ, ಅಡುಗೆಮನೆಯ ಮೇಜು
ಮಾರ್ಚ್ 14, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೊಟ್ಟೆ ತೊಳೆಸುವುದು ನಿಂತಿತಾ, ಇಲ್ಲಾ ಇನ್ನೂ ಹಡಗಿನ ಕಂಬಿ ಹಿಡಿದುಕೊಂಡು ಮೀನುಗಳಿಗೇ ಊಟ ಹಾಕುತ್ತಿದ್ದೀಯಾ? ಕಾಲುಚೀಲ ಒಣಗುತ್ತವಾ ಅಂತ ಅಮ್ಮ ಕೇಳುತ್ತಿದ್ದಾಳೆ. ಸಮುದ್ರದ ತಳ ಅಳೆಯೋಕೆ ಹೋದವಳ ಬಗ್ಗೆ ಅಮ್ಮನಿಗಿರುವ ಚಿಂತೆ ಅದೊಂದೇ, ಕಾಲುಚೀಲ. ಅವಳ ಮಂಡಿನೋವು ಪರವಾಗಿಲ್ಲ, ಹೊಲಿಗೆ ಯಂತ್ರದ ಮುಂದೆ ಕೂತರೆ ಏಳೋಕೆ ಮಾತ್ರ ನನ್ನ ಹೆಗಲು ಬೇಕು. ಅಪ್ಪ ಚೆನ್ನಾಗಿದ್ದಾನೆ. ಚೆನ್ನಾಗಿದ್ದಾನೆ ಅಂತ ಬರೆಯೋಕೆ ಹೋದ ವಾರ ಆಗುತ್ತಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಹಡಗಿನ ನೆಟ್ಟು ದೊಡ್ಡ ಸಾಹೇಬರ ನಕ್ಷೆಗಳಿಗೇ ಸಾಲುವುದಿಲ್ಲ ಅಂದಿದ್ದೆಯಲ್ಲ, ಅದಕ್ಕೇ ಈ ಕಾಗದ. ಮುಂದಿನ ಬಂದರಿನ ಆಫೀಸಿಗೆ ಹಾಕುತ್ತೇನೆ. ನನ್ನ ಕೈಬರಹಕ್ಕೆ ನಗಬೇಡ. ನಾನು ಫೋನಿನಲ್ಲಿ ಹೆಬ್ಬೆರಳಿಂದ ಬರೆಯುವ ಜಾತಿ, ಪೆನ್ನು ಹಿಡಿದು ಎಷ್ಟು ಕಾಲವಾಯಿತೋ.

ವಿಷಯ ಅಪ್ಪನ ಡಬ್ಬಿಯದು. ನೀನು ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಕೆಟ್ಟವನ್ನು ತಂದು ಬಿಚ್ಚಿ ಒಂದು ಒಳ್ಳೆಯದು ಮಾಡಿಕೊಟ್ಟೆಯಲ್ಲ, ಕಡ್ಡಿಯಿಂದ ಗಾಜಿನ ಮೇಲೆ ಬರೆಯುವ ಆ ಅಂಗೈ ಕಂಪ್ಯೂಟರು, ಅದೇ. ರಬ್ಬರ್ ಬ್ಯಾಂಡು ಹಾಕಿಕೊಂಡು ಇವತ್ತಿಗೂ ಅಪ್ಪನ ಅಂಗಿ ಜೇಬಿನಲ್ಲೇ ಇದೆ. ಫೋನು ಕೊಡಿಸುತ್ತೇನೆ ಅಂದರೆ ‘ಲಿಫ್ಟಿನ ಗುಂಡೀಲಿ ಇಳಿದಾಗ ನಿನ್ ಫೋನು ಸತ್ತ್ ಹೋಗತ್ತೆ, ಇದು ಎಣ್ಣೆ ಕೈಯಲ್ಲೂ ಬರೀತದೆ’ ಅನ್ನುತ್ತಾನೆ. ಅಪ್ಪ ರಿಪೇರಿ ಮಾಡುವ ಈ ಊರಿನ ಅರ್ಧ ಲಿಫ್ಟುಗಳ ಗುಣ ಅವಗುಣ ಎಲ್ಲ ಅದರೊಳಗೇ. ಆಸ್ಪತ್ರೆಯ ಲಿಫ್ಟಿಗೆ ಅಪ್ಪ ಇಟ್ಟ ಹೆಸರು ಮುಂಗೋಪಿ, ಮೂರನೇ ಮಹಡಿ ಬಂದರೆ ಬಾಗಿಲು ಸಿಡುಕುತ್ತದೆ. ಗ್ರಂಥಾಲಯದ್ದು ಸೋಮಾರಿ. ಬಟ್ಟೆ ಅಂಗಡಿಯದು ಹೊಟ್ಟೆಬಾಕ, ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ಆ ಕಡ್ಡಿ ಹಿಡಿದು ಗಾಜಿನ ಮೇಲೆ ಗೀಚಿ ಗೀಚಿ ಅಪ್ಪನ ಕೈಯೇ ಬದಲಾಗಿದೆ. ಈಗ ದಿನಸಿ ಚೀಟಿಯಲ್ಲೂ ಇಂಗ್ಲಿಷಿನ ಎ ಬರೆಯುವಾಗ ಅಡ್ಡಗೆರೆ ಹಾಕುವುದಿಲ್ಲ, ಡಬ್ಬಿಗೆ ಬೇಡವಂತೆ, ಅಂಗಡಿಯವನಿಗೂ ಬೇಡ.

ಹೋದ ತಿಂಗಳು ಒಂದು ಬೆಳಿಗ್ಗೆ ಡಬ್ಬಿಯ ಗಾಜು ಪೂರಾ ಬೆಳ್ಳಗಾಗಿ, ಅಪ್ಪ ತೊಡೆಗೆ ತಟ್ಟಿದ ಮೇಲೆ ತಿರುಗಿ ಬಂತು. ಬ್ಯಾಟರಿಯ ಸ್ಪ್ರಿಂಗು ಸಡಿಲ. ನಿನಗೆ ಗೊತ್ತೇ ಇದೆ, ಅದರ ನೆನಪು ಬ್ಯಾಟರಿ ಇರುವವರೆಗೆ ಮಾತ್ರ, ಬ್ಯಾಟರಿ ಕೈಕೊಟ್ಟರೆ ಮುಂಗೋಪಿ, ಸೋಮಾರಿ, ಹೊಟ್ಟೆಬಾಕ ಎಲ್ಲರೂ ಒಟ್ಟಿಗೆ ಮಾಯ. ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಳಿಸಿಕೊಂಡರೆ ಭಯವಿಲ್ಲ. ಆದರೆ ನಿನ್ನ ಹಳೇ ಕಂಪ್ಯೂಟರು ಹೋದ ವರ್ಷವೇ ಹೊಗೆ ಬಿಟ್ಟು ಕಣ್ಣು ಮುಚ್ಚಿತು, ಹೊಸದಕ್ಕೆ ಡಬ್ಬಿ ಕೂರಿಸುವ ತೊಟ್ಟಿಲಿನ ಆ ದಪ್ಪ ಪಿನ್ನಿನ ತೂತೇ ಇಲ್ಲ. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ ಅಕ್ಕಾ. ‘ನಾನು ಮಾಡ್ತೀನಿ’ ಅಂದೆ. ಅಪ್ಪ ನನ್ನ ತಲೆ ಸವರಿ ‘ಅಕ್ಕ ಬರ್ಲಿ ಬಿಡು, ಅವಳೇ ನೋಡ್ತಾಳೆ’ ಅಂದ. ನೀನು ಇರುವುದು ಸಮುದ್ರದ ಮಧ್ಯೆ! ಮನೆಯಲ್ಲಿ ಬಲ್ಬು ಬದಲಿಸುವವನು ನಾನು, ಅಮ್ಮನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವನು ನಾನು, ಡಬ್ಬಿಗೆ ಮಾತ್ರ ನೀನು ಬರಬೇಕು. ಹೊಟ್ಟೆಗೆ ಬೆಂಕಿ ಬಿತ್ತು. ನೀನು ಬರುವ ಮುಂಚೆ ಇದನ್ನು ಕಂಪ್ಯೂಟರಿನ ಜೊತೆ ಸಿಂಕ್ ಮಾಡದಿದ್ದರೆ ನಾನು ನಿನ್ನ ತಮ್ಮನೇ ಅಲ್ಲ ಅಂದುಕೊಂಡೆ.

ಹುಡುಕಿದರೆ ಇಂಥ ಡಬ್ಬಿಗಳಿಗೇ ಒಂದು ಚಾಟ್ ಗುಂಪು ಸಿಕ್ಕಿತು. ನಮ್ಮ ಭಾಷೆಯಲ್ಲಿ ಇರುವುದು ಅದೊಂದೇ. ಎಂಥ ಜನ ಗೊತ್ತಾ! ‘ಬ್ಯಾಟರಿ ಮಾಮ’ ಅಂತ ಒಬ್ಬರು, ಯಾರೇನು ಕೇಳಲಿ ‘ಮೊದಲು ಬ್ಯಾಟರಿ ಬದಲಿಸಿ ಮಗಾ’ ಅಂತಲೇ ಉತ್ತರ. ನಿವೃತ್ತ ಟೀಚರ್ ಒಬ್ಬರಿದ್ದಾರೆ, ‘ಮೊಸಳೆ’ ಅಂತ ಹೆಸರು, ತಪ್ಪು ಕಾಗುಣಿತ ಬರೆದರೆ ಕಚ್ಚುತ್ತಾರೆ. ಅವರೆಲ್ಲರಿಗೂ ಒಂದು ದೇವರಿತ್ತು, ಹೆಸರು ‘ಜಿಗಣೆ’. ವರ್ಷಗಟ್ಟಲೆ ಹಿಂದೆ ಬರೆದು ಆಮೇಲೆ ಕಾಣೆಯಾದ ಯಾರೋ. ಯಾವ ಕೇಬಲ್ಲಿನ ಮಾತು ಬಂದರೂ ‘ಜಿಗಣೆ ಏನಂದಿದ್ದಾರೆ ಓದಿದ್ಯಾ?’ ಅಂತ ಎಲ್ಲರೂ ಮೇಲೆ ಬೀಳುತ್ತಾರೆ. ನಾನು ಓದಿದೆ, ಒಂದೂ ಬಿಡದೆ ಓದಿದೆ. ಏನು ಬರಹ ಅಂತೀಯ! ಜಂಬವಿಲ್ಲ, ಬೈಗುಳವಿಲ್ಲ. ‘ಈ ಯಂತ್ರಕ್ಕೆ ವಯಸ್ಸಾಗಿದೆ, ಕಿವಿ ಮಂದ, ಮೆಲ್ಲಗೆ ಮಾತಾಡಿ. ವೇಗ ಅರ್ಧಕ್ಕೆ ಇಳಿಸಿ. ಮೊದಲು ತೊಟ್ಟಿಲಿನ ಗುಂಡಿ ಒತ್ತಿ, ಅದು ಹೂಂ ಅಂದ ಮೇಲೆ ಕಂಪ್ಯೂಟರನ್ನು ಕರೆಯಿರಿ. ಎಲ್ಲರೂ ಉಲ್ಟಾ ಮಾಡುತ್ತಾರೆ.’ ನಾನು ಪೂರ್ತಿ ಅಭಿಮಾನಿಯಾಗಿಬಿಟ್ಟೆ. ಗುಂಪಿನಲ್ಲಿ ಹೆಸರಿಡಬೇಕಲ್ಲ, ‘ಮರಿಜಿಗಣೆ’ ಅಂತಲೇ ಇಟ್ಟುಕೊಂಡೆ. ಮೊಸಳೆ ಟೀಚರ್ ನಕ್ಕರು, ನಾನು ಕೇರ್ ಮಾಡಲಿಲ್ಲ. ಖಾಸಗಿಯಾಗಿ ಜಿಗಣೆಗೆ ಒಂದು ಉದ್ದ ಮೆಸೇಜು ಕೂಡ ಹಾಕಿದೆ. ಉತ್ತರ ಬರಲಿಲ್ಲ.

ಹಳೇ ಪಿನ್ನಿಗೂ ಹೊಸ ತೂತಿಗೂ ನಡುವೆ ಸಂಬಂಧ ಕುದುರಿಸುವ ಒಂದು ಗಿಡ್ಡ ಕೇಬಲ್ಲು ತರಿಸಿದೆ. ನಿನ್ನ ಸತ್ತ ಕಂಪ್ಯೂಟರಿನ ಡಿಸ್ಕಿನಿಂದ ರಿಪೇರಿಯವನು ಡಬ್ಬಿಯ ಹಳೇ ಪ್ರತಿಯನ್ನೂ ತೆಗೆದುಕೊಟ್ಟ, ಅದನ್ನು ಹೊಸದಕ್ಕೆ ತುಂಬಿದೆ. ತೊಟ್ಟಿಲಿನ ಗುಂಡಿ ಮೊದಲು, ವೇಗ ಅರ್ಧ, ಎಲ್ಲ ಜಿಗಣೆ ಹೇಳಿದ ಹಾಗೆ. ಡಬ್ಬಿ ‘ಟಿರ್ರಿಂಗ್’ ಅಂದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಆಗ ಕಂಪ್ಯೂಟರು ಕೇಳಿತು, ಬಳಕೆದಾರರ ಹೆಸರೇನು ಅಂತ. ಡಬ್ಬಿಯ ಮೂಲೆಯಲ್ಲಿ ‘ದೊಡ್ಡು’ ಅಂತಿತ್ತು. ಡಬ್ಬಿ ಅಪ್ಪನದು, ಜೇಬು ಅಪ್ಪನದು, ಬೆವರು ನನ್ನದು, ಹೆಸರು ಮಾತ್ರ ನಿನ್ನದು! ನಾನು ಅದನ್ನು ಒರೆಸಿ ‘ಚಿಕ್ಕು’ ಅಂತ ನನ್ನದು ಹಾಕಿ ಒತ್ತಿದೆ. ಎಂಥ ಖುಷಿ ಅಂತೀಯ. ಅಪ್ಪನಿಗೆ ತೋರಿಸಿದರೆ ‘ಭೇಷ್ ಕಣೋ, ಅಕ್ಕನಿಗೆ ತಿಳಿಸು, ಅವಳ ಡಬ್ಬಿ ಉಳ್ಕೊಂತು ಅಂತ’ ಅಂದ. ಹೀಗಂದರೆ ಹೇಗಿರುತ್ತೆ ಹೇಳು.

ಮಾರನೆ ದಿನದಿಂದ ಅಪ್ಪ ಸಪ್ಪಗಾದ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದವನು ಮಧ್ಯಾಹ್ನ ಲಿಫ್ಟು ನೋಡುವ ಸರದಿ ಅಂತ ಡಬ್ಬಿ ಕೂಗಿತೆಂದು ಮತ್ತೆ ಹೋಗಿದ್ದಾನೆ. ಕೌಂಟರಿನ ಹುಡುಗಿ ‘ಬೆಳಿಗ್ಗೆ ತಾನೇ ನೋಡ್ಕೊಂಡ್ ಹೋದ್ರಲ್ಲ ಮೇಸ್ತ್ರಿ?’ ಅಂದಳಂತೆ. ಗ್ರಂಥಾಲಯದಲ್ಲೂ ಹಾಗೇ, ಬಟ್ಟೆ ಅಂಗಡಿಯಲ್ಲೂ ಹಾಗೇ. ಬೇರೆಯವರಾಗಿದ್ದರೆ ಡಬ್ಬಿಯ ಮೇಲೆ ಅನುಮಾನ ಪಡುತ್ತಿದ್ದರು. ನಮ್ಮಪ್ಪ! ಅವನಿಗೆ ತನ್ನ ತಲೆಗಿಂತ ನೀನು ಮಾಡಿಕೊಟ್ಟ ಡಬ್ಬಿಯ ಮೇಲೇ ನಂಬಿಕೆ. ಅಮ್ಮನ ಹತ್ತಿರ ಹೇಳುವುದು ಕೇಳಿಸಿತು. ‘ಬೆಳಿಗ್ಗೆ ಏನೋ ಬಾಕಿ ಬಿಟ್ ಬರ್ತಿದೀನಿ ಕಣೆ, ನೆನಪೇ ಆಗಲ್ಲ. ನಂಗೆ ಮರೆವು ಶುರುವಾಯ್ತೇನೋ. ಲಿಫ್ಟಿನ ಕೆಲಸ, ಜನರ ಜೀವ. ಬಿಟ್ಬಿಡ್ಲಾ?’ ಅಮ್ಮನ ಹೊಲಿಗೆ ಯಂತ್ರ ನಿಂತುಹೋಯಿತು. ಓಡಿಹೋಗಿ ಡಬ್ಬಿ ಕಿತ್ತುಕೊಂಡು ನೋಡಿದೆ. ಎಲ್ಲ ಲಿಫ್ಟೂ ಎರಡೆರಡು ಸಲ! ನಿನ್ನ ಕಾಲದಲ್ಲಿ ಆಸ್ಪತ್ರೆಯ ಸರದಿ ಬೆಳಿಗ್ಗೆ ಇತ್ತು, ಆಮೇಲೆ ಅಪ್ಪ ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದಾನೆ. ನಾನು ತುಂಬಿದ ಹಳೇ ಪ್ರತಿಯದ್ದೂ ಡಬ್ಬಿಯದ್ದೂ ಎರಡೂ ಸೇರಿಕೊಂಡಿವೆ. ಹೆಸರು ‘ದೊಡ್ಡು’ ಅಂತಲೇ ಇದ್ದಿದ್ದರೆ ಎರಡೂ ಒಂದನ್ನೊಂದು ಗುರುತು ಹಿಡಿಯುತ್ತಿದ್ದವು. ‘ಚಿಕ್ಕು’ ಯಾರು ಅಂತ ಎರಡಕ್ಕೂ ಗೊತ್ತಿಲ್ಲ. ಡಬ್ಬಿಗೂ ನಾನು ಹೊರಗಿನವನೇ. ‘ಅಪ್ಪಾ, ನಿನ್ನ ತಲೆ ಸರಿಯಾಗಿದೆ, ನನ್ನ ಸಿಂಕೇ ಸರಿಯಿಲ್ಲ’ ಅಂತ ತೋರಿಸಿದೆ. ಅಪ್ಪ ನೋಡಿ, ಕನ್ನಡಕ ತೆಗೆದು ಮುಖ ಒರೆಸಿಕೊಂಡ. ಬೈಯಲಿಲ್ಲ ಅಕ್ಕಾ. ಬೈದಿದ್ದರೆ ಚೆನ್ನಾಗಿತ್ತು. ‘ಅಕ್ಕನ್ನ ಕೇಳು’ ಅಂದ, ಅಷ್ಟೇ.

ನಿನ್ನನ್ನು ಕೇಳುತ್ತೇನಾ? ಗುಂಪಿಗೆ ಓಡಿದೆ. ‘ಎಲ್ಲ ಡಬಲ್ ಆಗಿದೆ, ಯಾರಾದರೂ ಕಾಪಾಡಿ’ ಅಂದೆ. ಬ್ಯಾಟರಿ ಮಾಮ ಬ್ಯಾಟರಿ ಬದಲಿಸು ಅಂದರು. ಮೊಸಳೆ ಟೀಚರ್ ಮಾತ್ರ ಒಂದು ಹಳೇ ಕೊಂಡಿ ಕಳಿಸಿ ‘ನಿನ್ನ ದೇವರು ಇದಕ್ಕೂ ಔಷಧಿ ಮಾಡಿಟ್ಟಿದೆ, ಫೋಟೋ ನೋಡು’ ಅಂದರು. ಜಿಗಣೆ ಬರೆದ ಪುಟ್ಟ ಪ್ರೋಗ್ರಾಮು, ‘ಅವಳಿಜವಳಿ’ ಅಂತ ಹೆಸರು. ಜೊತೆಗೊಂದು ಫೋಟೋ. ತೊಟ್ಟಿಲಲ್ಲಿ ಕೂತ ಡಬ್ಬಿ. ಡಬ್ಬಿಯ ಕೆಳಗೊಂದು ಮರದ ಮೇಜು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಪ್ಪು ತ್ರಿಕೋನ, ಪಕ್ಕದಲ್ಲಿ ಅಮ್ಮನ ನೀಲಿ ಸೀಮೆಸುಣ್ಣ. ನಾನು ಆ ತ್ರಿಕೋನದ ಮೇಲೇ ಮೊಣಕೈ ಊರಿಕೊಂಡು ಆ ಫೋಟೋ ನೋಡುತ್ತಿದ್ದೆ! ದೊಡ್ಡದು ಮಾಡಿ ನೋಡಿದರೆ ಡಬ್ಬಿಯ ಗಾಜಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಮುಂಗೋಪಿ’. ಆ ಹೆಸರು ಜಗತ್ತಿನಲ್ಲಿ ಇನ್ಯಾವ ಲಿಫ್ಟಿಗಿದೆ?

ಅಕ್ಕಾ, ನಿನಗೆ ನಾಚಿಕೆಯಾಗಬೇಕು. ಅಪ್ಪ ನಿನ್ನವನು, ಡಬ್ಬಿ ನಿನ್ನದು, ಸಮುದ್ರ ಪೂರ್ತಿ ನಿನ್ನದು. ನನಗೆ ಅಂತ ಒಂದು ಮೂಲೆ ಹುಡುಕಿಕೊಂಡು ಹೋದರೆ ಅಲ್ಲಿಯೂ ನೀನೇ ಮೊದಲು ಬಂದು ಕಾಲು ಚಾಚಿ ಕೂತಿದ್ದೀಯ. ಸಾಲದ್ದಕ್ಕೆ ನಾನು ಹೋಗಿ ‘ಮರಿಜಿಗಣೆ’ ಅಂತ ಹೆಸರಿಟ್ಟುಕೊಂಡಿದ್ದೇನೆ, ಯಾರೂ ಕೇಳದೆ, ನಾನೇ! ಆ ದಿನ ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು.

ನಿನ್ನ ಪ್ರೋಗ್ರಾಮು ಹಾಕಬಾರದು, ಎಲ್ಲ ಕೈಯಲ್ಲೇ ಅಳಿಸೋಣ ಅಂತಲೂ ಯೋಚಿಸಿದೆ. ಆದರೆ ಯಾವುದು ಹಳೆಯದು ಯಾವುದು ಹೊಸದು ನನಗೇನು ಗೊತ್ತು. ಒಂದು ತಪ್ಪಾದರೂ ಅಪ್ಪ ಹೋಗಬೇಕಾದ ಕಡೆ ಹೋಗುವುದಿಲ್ಲ, ಹಗ್ಗ ಸವೆದ ಲಿಫ್ಟಿನಲ್ಲಿ ಜನ ಹತ್ತುತ್ತಾರೆ. ಹಲ್ಲು ಕಚ್ಚಿಕೊಂಡು ‘ದೊಡ್ಡು’ ಅಂತ ಹೆಸರು ತಿರುಗಿ ಹಾಕಿದೆ, ನಿನ್ನ ಅವಳಿಜವಳಿ ಓಡಿಸಿದೆ. ಅದು ತಾನಾಗಿ ಏನನ್ನೂ ಅಳಿಸುವುದಿಲ್ಲ ನೋಡು, ಒಂದೊಂದೇ ಜೋಡಿ ಮುಂದಿಟ್ಟು ಯಾವುದು ಇರಲಿ ಅಂತ ಕೇಳುತ್ತದೆ. ಹಾಗಾಗಿ ಅಪ್ಪ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ‘ಇದಿರ್ಲಿ, ಅದು ಹೋಗ್ಲಿ’ ಅನ್ನುತ್ತಾ ಹೋದ. ಒಂದೊಂದು ಲಿಫ್ಟಿಗೂ ಒಂದೊಂದು ಕಥೆ. ಹೊಟ್ಟೆಬಾಕನೊಳಗೆ ಒಬ್ಬ ಮದುಮಗ ಸಿಕ್ಕಿಹಾಕಿಕೊಂಡು, ಅಪ್ಪ ಬಾಗಿಲು ಬಿಡಿಸಿದರೆ ‘ಇನ್ನೊಂದ್ ಸ್ವಲ್ಪ ಹೊತ್ತು ಬಿಡಿ ಯಜಮಾನ್ರೆ’ ಅಂದನಂತೆ. ನಿನಗಿದು ಹೇಳಿದ್ದಾನಾ? ನಿಜ ಹೇಳು. ಹೇಳಿದ್ದರೂ ಹೇಳಿಲ್ಲ ಅಂತಲೇ ಬರೆ. ಕೊನೆಯ ಜೋಡಿ ಮುಂಗೋಪಿಯದು. ಅಪ್ಪ ಬಾಯಿ ಬಿಡುವ ಮೊದಲೇ ನಾನು ‘ಬೆಳಿಗ್ಗೇದು ಹೋಗ್ಲಿ, ಮಧ್ಯಾಹ್ನದ್ದು ಇರ್ಲಿ’ ಅಂದೆ. ಅಪ್ಪ ನನ್ನನ್ನೇ ನೋಡಿದ. ‘ಪರವಾಗಿಲ್ವೇ’ ಅಂದ.

ಡಬ್ಬಿ ಸರಿಯಾಯಿತು, ಕಂಪ್ಯೂಟರಿನಲ್ಲಿ ಪ್ರತಿಯೂ ಇದೆ, ಅಪ್ಪನ ತಲೆ ಅಪ್ಪನಿಗೆ ವಾಪಸ್ ಸಿಕ್ಕಿದೆ. ಆಸ್ಪತ್ರೆಯ ಹುಡುಗಿಗೆ ಮಾತ್ರ ‘ನಮ್ಮ ಮಗಳ ಪ್ರೋಗ್ರಾಮು, ಒಂದೇ ಏಟಿಗೆ ಎಲ್ಲ ಸರಿ’ ಅಂತ ಹೇಳಿಕೊಂಡು ಬಂದಿದ್ದಾನೆ. ಒಂದೇ ಏಟಂತೆ! ನಾನಿನ್ನೇನು ಹೇಳಲಿ. ಇವತ್ತು ಬೆಳಿಗ್ಗೆ ಅವನೇ ಡಬ್ಬಿ ತಂದು ತೊಟ್ಟಿಲಲ್ಲಿ ಕೂರಿಸಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. ‘ಒತ್ಲೇನೋ?’ ಅಂದ. ಅಕ್ಕ ಬರಲಿ ಅನ್ನಲಿಲ್ಲ. ನಾನು ಸ್ವಲ್ಪ ಕಾಯಿಸಿದೆ, ಬೇಕಂತಲೇ. ಆಮೇಲೆ ‘ಹೂಂ, ಒತ್ತು’ ಅಂದೆ.

ಅಮ್ಮ ನಿನಗೆ ಹೊಸ ಕಾಲುಚೀಲ ಕಳಿಸುತ್ತಿದ್ದಾಳೆ, ಈ ಕಾಗದವನ್ನು ಅದರೊಳಗೇ ತುರುಕುತ್ತೇನೆ. ಅಪ್ಪನ ಆಶೀರ್ವಾದ ಬೇರೆ ಬರೆಯಬೇಕಾ, ಅದರ ಎಲ್ಲ ಸ್ಟಾಕೂ ನಿನ್ನ ಹತ್ತಿರವೇ ಇದೆ. ಕಂಬಿ ಗಟ್ಟಿಯಾಗಿ ಹಿಡಿದುಕೋ, ಸಮುದ್ರಕ್ಕೆ ಬೀಳಬೇಡ.

ನಿನ್ನ ಮೇಲೆ ಇನ್ನೂ ಕೋಪ ಇಳಿಯದ ತಮ್ಮ,
ಚಿಕ್ಕು

ಮರೆತಿದ್ದೆ: ಬಂದರಿನಲ್ಲಿ ನೆಟ್ಟು ಸಿಕ್ಕ ಕೂಡಲೇ ನೀನು ಆ ಗುಂಪಿಗೆ ನುಗ್ಗುತ್ತೀಯ, ನನಗೆ ಗೊತ್ತು. ಮರಿಜಿಗಣೆ ಜಿಗಣೆಗೆ ಹಾಕಿದ ಮೆಸೇಜು ಅಲ್ಲಿ ಹಾಗೇ ಕೂತಿದೆ, ಈ ಕಡೆಯಿಂದ ಅಳಿಸೋಕೆ ಆಗುತ್ತಿಲ್ಲ. ದಯವಿಟ್ಟು ಓದದೆ ಅಳಿಸು. ಅದರಲ್ಲಿ ಮುಕ್ಕಾಲು ಪಾಲು ನನ್ನ ಅಕ್ಕನ ಮೇಲಿನ ದೂರು. ಎಷ್ಟು ಜಂಬದವಳು, ಹೇಗೆ ಎಲ್ಲರನ್ನೂ ತನ್ನ ಕಡೆ ಮಾಡಿಕೊಳ್ಳುತ್ತಾಳೆ ಅಂತ. ಓದಲೇಬೇಕು ಅಂತ ಹಟ ಮಾಡಿದರೆ ಕೊನೆಯ ಸಾಲು ಮಾತ್ರ ಓದು, ಹೇಗೂ ಓದುತ್ತೀಯ, ನಾನೇ ಹೇಳಿಬಿಡುತ್ತೇನೆ: ‘ನನಗೂ ನಿಮ್ಮಂಥ ಒಬ್ಬ ಅಕ್ಕ ಇರಬೇಕಿತ್ತು.’ ಜಿಗಣೆ ಗಂಡೋ ಹೆಣ್ಣೋ ಅಂತ ಕೂಡ ಆಗ ಗೊತ್ತಿರಲಿಲ್ಲ. ಅಪ್ಪನಿಗೆ ಹೇಳಬೇಡ.